ಟೋಪಿ ಇಲ್ಲದಿದ್ದರೆ ಆಟವಿಲ್ಲ

ಕಳೆದ ಸಂಕ್ರಾಂತಿಯ ನಂತರದ ಭಾನುವಾರ ನಮ್ಮ ಸಂಘದ ಕೆಲವು ಕುಟುಂಬಗಳವರು ಜೆಲ್ಸ್ ಪಾರ್ಕಿನಲ್ಲಿ ಸೇರಿದ್ದೆವು. ಪುಳಿಯೋಗರೆ, ಮೊಸರನ್ನ, ಹಬ್ಬಕ್ಕೆ ಮಾಡಿ ಉಳಿದಿದ್ದ ಎಳ್ಳುಬೆಲ್ಲ ಎಲ್ಲವೂ ಮುಗಿದ ಮೇಲೆ ದೊಡ್ಡವರು ಮರದಡಿ ಜಮಖಾನ ಹಾಸಿಕೊಂಡು ಕಾಲು ಚಾಚಿದರು. ಮಕ್ಕಳು ಕಾರುಗಳಿಂದ ಸೈಕಲ್ ಇಳಿಸಿಕೊಂಡು ಕೆರೆಯ ಕಡೆಯ ದಾರಿಗೆ ಹೊರಟರು. ಆಗ ನಡೆದ ಒಂದು ಸಣ್ಣ ಸಂಗತಿಯೇ ಈ ಲೇಖನಕ್ಕೆ ಕಾರಣ.

ಬೆಂಗಳೂರಿನಿಂದ ಬಂದಿದ್ದ ಅಜ್ಜಿಯೊಬ್ಬರು ತಮ್ಮ ಎಂಟು ವರ್ಷದ ಮೊಮ್ಮಗಳನ್ನು ಕೈಹಿಡಿದು ನಿಲ್ಲಿಸಿದರು. “ಬಿಸಿಲಿಗೆ ಹೋಗಬೇಡ ಕಣೇ ಪುಟ್ಟಿ, ಕರ್ರಗಾಗಿಬಿಡ್ತೀಯ.” ಹುಡುಗಿ ತಲೆಯ ಮೇಲಿದ್ದ ಶಾಲೆಯ ಅಗಲ ಅಂಚಿನ ಟೋಪಿಯನ್ನು ತೋರಿಸಿದಳು, ತೋಳಿಗೆ ಹಚ್ಚಿಕೊಂಡಿದ್ದ ಕ್ರೀಮನ್ನು ತೋರಿಸಿದಳು. “ಅದೆಲ್ಲ ಬಿಳಿಯರ ಮಕ್ಕಳಿಗೆ. ನೀನು ಬಾ, ನೆರಳಲ್ಲಿ ಕೂತ್ಕೋ” ಎಂದರು ಅಜ್ಜಿ. ಅವಳ ಅಣ್ಣ ಅಷ್ಟರಲ್ಲಿ ತಿರುವು ದಾಟಿ ಮರೆಯಾಗಿದ್ದ. ಅವನನ್ನು ಯಾರೂ ಕರೆಯಲಿಲ್ಲ. ಆ ದಿನ ಅಪ್ಪ ಅವಳಿಗೆ ಸೈಕಲ್ ಕಲಿಸುವುದೆಂದು ಮಾತಾಗಿತ್ತಂತೆ. ಅವಳು ನಮ್ಮ ನಡುವೆ ಕುಳಿತು ಕಡಲೆಕಾಯಿ ಸುಲಿದಳು. ಅಲ್ಲಿದ್ದ ನಾವು ಹತ್ತು ಹನ್ನೆರಡು ಮಂದಿ ದೊಡ್ಡವರು ಒಂದು ಮಾತೂ ಆಡಲಿಲ್ಲ. ಒಂದಿಬ್ಬರು ತಲೆಯಾಡಿಸಿದ್ದೂ ಉಂಟು.

ಮನೆಗೆ ಮರಳುವಾಗ ಕಾರಿನಲ್ಲಿ ವಾದ ಶುರುವಾಯಿತು. ಈ ಟೋಪಿ, ಕ್ರೀಮು, ಹೆಲ್ಮೆಟ್ಟುಗಳ ನಿಯಮ ಮಾಡಿದವರು ಯಾರು? ನಮ್ಮ ಮಕ್ಕಳಿಗೂ ಅದು ಬೇಕೆ? ಅಥವಾ ಅಜ್ಜಿ ಹೇಳಿದಂತೆ ಬಿಳಿಯರ ಮಕ್ಕಳಿಗಷ್ಟೇ ಸಾಕೆ? ವಾದ ಅಂದೇ ಮುಗಿಯಲಿಲ್ಲವಾದ್ದರಿಂದ ಗ್ರಂಥಾಲಯಕ್ಕೆ ಹೋಗಿ ಒಂದಷ್ಟು ಓದಿದೆವು. ಓದಿದ್ದನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ‘ಟೋಪಿ ಇಲ್ಲದಿದ್ದರೆ ಆಟವಿಲ್ಲ’ ಎಂಬ ಮಾತು ಎಲ್ಲ ಮಕ್ಕಳಿಗೂ ಬಾಯಿಪಾಠ. (ನಮ್ಮ ಭಾಷೆಯಲ್ಲಿ ಟೋಪಿ ಹಾಕುವುದಕ್ಕೆ ಬೇರೆಯೇ ಅರ್ಥವಿರುವುದರಿಂದ ಹೊಸದಾಗಿ ಬಂದ ತಂದೆತಾಯಿಯರು ಮೊದಲು ಸ್ವಲ್ಪ ಅನುಮಾನಪಡುವುದು ಸಹಜ.) ಇದು ಇಂಗ್ಲೆಂಡಿನಿಂದ ಬಂದ ಹಳೆಯ ಕಟ್ಟಳೆಯಿರಬೇಕೆಂದು ನಾವೂ ತಿಳಿದಿದ್ದೆವು. ಅಲ್ಲ. ನಮ್ಮಲ್ಲಿ ಅನೇಕರ ವಯಸ್ಸು ಈ ನಿಯಮದ ವಯಸ್ಸಿಗಿಂತ ಹೆಚ್ಚು. ಅದಕ್ಕೂ ಹಿಂದೆ ಆಸ್ಟ್ರೇಲಿಯದವರು ಕಡಲ ತೀರದಲ್ಲಿ ಮೈಗೆ ಎಣ್ಣೆ ಬಳಿದುಕೊಂಡು ಮಧ್ಯಾಹ್ನದ ಬಿಸಿಲಿಗೆ ಮಲಗುತ್ತಿದ್ದರು. ಮೈ ಕಂದುಬಣ್ಣಕ್ಕೆ ತಿರುಗಿದರೆ ಆರೋಗ್ಯದ ಲಕ್ಷಣ, ಬಿಡುವಿನ ಲಕ್ಷಣ. ನಮ್ಮೂರಲ್ಲಿ ಅಭ್ಯಂಜನಕ್ಕೆ ಎಣ್ಣೆ ಹಚ್ಚಿಕೊಂಡವರು ಸೀಗೆಪುಡಿ ಹಾಕಿ ತೊಳೆದುಕೊಳ್ಳುವ ತನಕ ಸುಮ್ಮನಿರುವುದಿಲ್ಲ. ಇಲ್ಲಿ ಅದೇ ಎಣ್ಣೆಯಲ್ಲಿ ಹುರಿದುಕೊಳ್ಳುತ್ತಿದ್ದರು.

1981ರಲ್ಲಿ ವಿಕ್ಟೋರಿಯ ರಾಜ್ಯದ ಕ್ಯಾನ್ಸರ್ ವಿರೋಧಿ ಮಂಡಳಿ (ಈಗಿನ ಕ್ಯಾನ್ಸರ್ ಕೌನ್ಸಿಲ್ ವಿಕ್ಟೋರಿಯ) ಟೀವಿಯಲ್ಲಿ ಒಂದು ಚಿಕ್ಕ ಜಾಹೀರಾತು ಬಿಟ್ಟಿತು. ಸಿಡ್ ಎಂಬ ಹೆಸರಿನ ಕಡಲಹಕ್ಕಿ ಚಡ್ಡಿ, ಅಂಗಿ, ಟೋಪಿ ತೊಟ್ಟು ಕುಣಿಯುತ್ತ ಹಾಡುತ್ತದೆ. ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂಬ ಮೂರು ಪದ: ಅಂಗಿ ತೊಡು, ಕ್ರೀಮು ಮೆತ್ತಿಕೋ, ಟೋಪಿ ಇಡು. ಇಷ್ಟೇ. ಆದರೆ ಮಕ್ಕಳ ಬಾಯಲ್ಲಿ ಹಾಡು ನಿಂತುಬಿಟ್ಟಿತು. 1987ರಲ್ಲಿ ವಿಕ್ಟೋರಿಯ ಸರಕಾರ ತಂಬಾಕಿನ ಮೇಲೆ ವಿಧಿಸಿದ ತೆರಿಗೆಯ ಹಣದಿಂದ ವಿಕ್‌ಹೆಲ್ತ್ ಎಂಬ ಸಂಸ್ಥೆಯನ್ನು ಕಟ್ಟಿತು. ಆ ಹಣದ ಬಲದಿಂದ 1988ರಲ್ಲಿ ‘ಸನ್‌ಸ್ಮಾರ್ಟ್’ ಯೋಜನೆ ಶುರುವಾಗಿ, 1990ರ ದಶಕದಲ್ಲಿ ಶಾಲೆಗಳನ್ನು ಮುಟ್ಟಿತು. ಸಿಗರೇಟು ಸೇದಿದವರ ದುಡ್ಡಿನಿಂದ ಮಕ್ಕಳ ತಲೆಗೆ ಟೋಪಿ ಬಂತೆಂದರೆ ತಪ್ಪಿಲ್ಲ. 2007ರಲ್ಲಿ ಆ ಮೂರು ಪದಗಳಿಗೆ ಇನ್ನೆರಡು ಸೇರಿದವು: ನೆರಳು ಹುಡುಕು, ಕಪ್ಪು ಕನ್ನಡಕ ಹಾಕು.

ಇಷ್ಟೆಲ್ಲ ಯಾಕೆ ಬೇಕಾಯಿತು? ಇಲ್ಲಿ ಪ್ರತಿ ಮೂವರಲ್ಲಿ ಇಬ್ಬರಿಗೆ ಎಪ್ಪತ್ತು ವರ್ಷ ತುಂಬುವುದರೊಳಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ ಎಂಬುದು ಕ್ಯಾನ್ಸರ್ ಕೌನ್ಸಿಲ್ಲಿನ ಲೆಕ್ಕ. ಅದರಲ್ಲಿ ಹೆಚ್ಚಿನವು ಪ್ರಾಣಕ್ಕೆ ಎರವಾಗುವಂಥವಲ್ಲ, ಆದರೆ ಮೆಲನೋಮಾ ಎಂಬುದು ಘೋರ. ಇಂಗ್ಲೆಂಡ್, ಐರ್ಲೆಂಡುಗಳ ಮೋಡ ಕವಿದ ಆಕಾಶಕ್ಕೆ ಒಗ್ಗಿದ ಚರ್ಮ ಇಲ್ಲಿನ ಸೂರ್ಯನ ಕೆಳಗೆ ಬಂದು ನಿಂತಿತು. ಅಲ್ಲದೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ. ಆಗ ಜುಲೈಗಿಂತ ಸುಮಾರು ಶೇಕಡ 7ರಷ್ಟು ಹೆಚ್ಚು ಬಿಸಿಲು ಭೂಮಿಗೆ ತಲುಪುತ್ತದೆ. ಉತ್ತರದವರಿಗೆ ಅದು ಚಳಿಗಾಲ, ದಕ್ಷಿಣದವರಿಗೆ ನಡುಬೇಸಿಗೆ. ಓಜೋನ್ ಪದರದ ತೂತು ಮೆಲ್ಬೋರ್ನಿನ ನೆತ್ತಿಯ ಮೇಲೇ ಇದೆಯೆಂದು ಊರಿನ ಬಂಧುಗಳಿಗೆ ಹೇಳಿ ಹೆದರಿಸಿದವರು ನಮ್ಮಲ್ಲಿದ್ದಾರೆ. ಆ ತೂತು 1985ರಲ್ಲಿ ಪತ್ತೆಯಾದದ್ದು ಅಂಟಾರ್ಕ್ಟಿಕದ ಮೇಲೆ, ಅದು ದೊಡ್ಡದಾಗುವುದು ಅಲ್ಲಿನ ವಸಂತದಲ್ಲಿ. ನಮ್ಮ ತಲೆಯ ಮೇಲೆ ಅಲ್ಲ.

ಈ ಕತೆಯಲ್ಲಿ ನಮಗೆ ಬಹಳ ಹಿಡಿಸಿದ್ದು ಇನ್ನೊಂದು. ಚರ್ಮದ ಕ್ಯಾನ್ಸರಿನ ಬೀಜ ಬೀಳುವುದು ಬಾಲ್ಯದಲ್ಲಿ ಎಂಬ ತಿಳಿವಳಿಕೆ ಬಂದದ್ದು ವಲಸಿಗರಿಂದ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಹೋಲ್ಮನ್ ಮತ್ತು ಆರ್ಮ್‌ಸ್ಟ್ರಾಂಗ್ ಎಂಬ ಇಬ್ಬರು ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವರ್ಷದೊಳಗೆ ಇಲ್ಲಿಗೆ ಬಂದವರಿಗೆ ಮೆಲನೋಮಾದ ಅಪಾಯ ಇಲ್ಲೇ ಹುಟ್ಟಿದವರಷ್ಟೇ ಇದೆಯೆಂದೂ, ಬೆಳೆದ ಮೇಲೆ ಬಂದವರಿಗೆ ಬಹಳ ಕಡಿಮೆಯೆಂದೂ ಕಂಡಿತು. ಎಳೆಯ ವಯಸ್ಸಿನ ಬಿಸಿಲೇ ಮುಖ್ಯವೆಂದಾಯಿತು. ಆದ್ದರಿಂದ ಟೋಪಿ ಮೊದಲು ಹೋದದ್ದು ಕಚೇರಿಗಳಿಗಲ್ಲ, ಶಾಲೆಗಳಿಗೆ.

ಆದರೆ ಆ ವಲಸಿಗರು ಬಹುಪಾಲು ತಿಳಿಬಣ್ಣದವರು. ನಮ್ಮ ಮಾತೇನು?

1975ರಲ್ಲಿ ಅಮೆರಿಕದ ಹಾರ್ವರ್ಡಿನ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಚರ್ಮವನ್ನು ಅದು ಬಿಸಿಲಿಗೆ ಸುಡುತ್ತದೋ ಕಪ್ಪಾಗುತ್ತದೋ ಎಂಬುದರ ಮೇಲೆ ವಿಂಗಡಿಸಿದರು. ಮೊದಲು ನಾಲ್ಕೇ ವರ್ಗ. ಕಂದು ಮತ್ತು ಕಪ್ಪು ಚರ್ಮದವರಿಗೆ ಐದು, ಆರನೆಯ ವರ್ಗಗಳು ಆಮೇಲೆ ಸೇರಿದವು. ನಾವು ಕನ್ನಡಿಗರು ಹೆಚ್ಚಾಗಿ ನಾಲ್ಕು, ಐದರಲ್ಲಿ ಬರುತ್ತೇವೆ. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣದ ವಸ್ತು ಅತಿನೇರಳೆ ಕಿರಣಗಳನ್ನು ಹೀರಿ ಒಳಗಿನ ಜೀವಕೋಶಗಳನ್ನು ಕಾಪಾಡುತ್ತದೆ. ಅಂದರೆ ನಮ್ಮ ಮಕ್ಕಳು ಹುಟ್ಟುವಾಗಲೇ ಒಂದು ತೆಳು ಕೊಡೆ ಹಿಡಿದುಕೊಂಡೇ ಬಂದಿದ್ದಾರೆ. ಕೊಡೆ ತೆಳುವಾದದ್ದರಿಂದ ಜನವರಿಯ ನಡುಹಗಲಿನಲ್ಲಿ ಅವರ ಚರ್ಮವೂ ಸುಡುತ್ತದೆ, ಕಣ್ಣಿಗೂ ಕೇಡು. ಆದರೆ ಅಪಾಯ ಪಕ್ಕದ ಮನೆಯ ಕೆಂಗೂದಲ ಹುಡುಗನಿಗಿರುವಷ್ಟಲ್ಲ. ಕಪ್ಪು ಚರ್ಮದವರಿಗೆ ಅಪರೂಪಕ್ಕೆ ಬರುವ ಮೆಲನೋಮಾ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಬರುವುದು ಹೆಚ್ಚು. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಅಂಥ ರೋಗದಿಂದ. ಅದಕ್ಕೂ ಬಿಸಿಲಿಗೂ ಸಂಬಂಧ ಕಾಣುವುದಿಲ್ಲ.

ಅದೇ 1975ರಲ್ಲಿ ನಮ್ಮ ದೇಶದಲ್ಲಿ ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂತು. ಅದರ ಟ್ಯೂಬು ನಮ್ಮ ಎಷ್ಟೋ ಮನೆಗಳ ಕನ್ನಡಿಯ ಮುಂದೆ ಇತ್ತು, ಸುಳ್ಳೇಕೆ? 2020ರಲ್ಲಿ ಆ ಹೆಸರಿನಿಂದ ‘ಫೇರ್’ ಎಂಬ ಪದವನ್ನು ತೆಗೆದರು. ಹೆಸರು ಬದಲಾಯಿಸುವುದು ಸುಲಭ. “ಹುಡುಗಿ ಲಕ್ಷಣವಾಗಿದಾಳೆ, ಬಣ್ಣ ಸ್ವಲ್ಪ ಕಮ್ಮಿ” ಎಂಬ ಮಾತು ಇವತ್ತಿಗೂ ನಮ್ಮ ಹಬ್ಬದ ಊಟದ ಪಂಕ್ತಿಗಳಲ್ಲಿ ಕೇಳುತ್ತದೆ. ಬಿಸಿಲಿಗೆ ಹೋಗಬೇಡ ಎಂಬ ಶಾಲೆಯ ಮಾತೂ ಅಜ್ಜಿಯ ಮಾತೂ ಕೇಳಲು ಒಂದೇ. ಶಾಲೆ ಟೋಪಿ ಕೊಟ್ಟು ಆಟಕ್ಕೆ ಕಳಿಸುತ್ತದೆ. ಅಜ್ಜಿ ಆಟವನ್ನೇ ನಿಲ್ಲಿಸುತ್ತಾರೆ, ಅದೂ ಮೊಮ್ಮಗಳದ್ದು ಮಾತ್ರ. ಅಂದು ಜಮಖಾನದ ಮೇಲೆ ಕುಳಿತಿದ್ದ ನಮಗೆ ಇದು ಹೊಳೆಯಬೇಕಿತ್ತು. ಹೊಳೆದಿದ್ದರೂ ಹಿರಿಯರೆದುರು ಆಡಲು ಬಾಯಿ ಬರಲಿಲ್ಲ ಎನ್ನುವುದು ಹೆಚ್ಚು ನಿಜ.

ಅಜ್ಜಿಯರ ಬಳಿ ಬಿಸಿಲಿನ ಬಗ್ಗೆ ಇನ್ನೊಂದು ತಿಳಿವಳಿಕೆಯೂ ಇದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಹಸುಗೂಸಿಗೆ ಎಣ್ಣೆ ನೀವಿ ಎಳೆಬಿಸಿಲಿಗೆ ಮಲಗಿಸುವುದು ನಮ್ಮ ಎಲ್ಲ ಬಾಣಂತಿಕೋಣೆಗಳ ಪದ್ಧತಿ. ಯೂರೋಪು ಇದನ್ನು ಕಲಿತದ್ದು ಕಷ್ಟಪಟ್ಟು. ಹೊಗೆ ಕವಿದ ಅಲ್ಲಿನ ಊರುಗಳಲ್ಲಿ ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತಿದ್ದವು. ಈ ರಿಕೆಟ್ಸ್ ರೋಗಕ್ಕೆ ಕಾರಣ ತಿಳಿದಿರಲಿಲ್ಲ. ಥಿಯೊಬಾಲ್ಡ್ ಪಾಮ್ ಎಂಬ ಮಿಶನರಿ ವೈದ್ಯ ಏಷ್ಯಾದ ನಾನಾ ಕಡೆಗಳಲ್ಲಿದ್ದ ತನ್ನ ಸಹೋದ್ಯೋಗಿಗಳಿಗೆ ಪತ್ರ ಬರೆದು ವಿಚಾರಿಸಿ, ಬಡತನವಿದ್ದರೂ ಬಿಸಿಲಿರುವ ಕಡೆ ಈ ರೋಗ ಕಾಣುವುದಿಲ್ಲವೆಂದು 1890ರಲ್ಲಿ ಬರೆದರು. 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಅತಿನೇರಳೆ ದೀಪದ ಬೆಳಕಿಗೆ ಮಕ್ಕಳನ್ನು ಒಡ್ಡಿ ರೋಗ ವಾಸಿಮಾಡಿ ತೋರಿಸಿದರು. ಬಿಸಿಲು ಚರ್ಮದಲ್ಲಿ ಡಿ ವಿಟಮಿನ್ ತಯಾರಿಸುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಅತಿನೇರಳೆ ಕಿರಣವನ್ನು ತಡೆಯುವ ನಮ್ಮ ಮೆಲನಿನ್ ಇದಕ್ಕೂ ತಡೆಯಾಗುವುದರಿಂದ ನಮ್ಮಂಥವರಿಗೆ ಅಷ್ಟೇ ಡಿ ವಿಟಮಿನ್ನಿಗೆ ಹೆಚ್ಚು ಹೊತ್ತಿನ ಬಿಸಿಲು ಬೇಕು.

ಇಲ್ಲಿ ಒಂದು ವಿಚಿತ್ರ ನೋಡಿ. 1981ರಲ್ಲಿ ಆಸ್ಟ್ರೇಲಿಯದ ಕಡಲಹಕ್ಕಿ ಮಕ್ಕಳಿಗೆ ಮೈ ಮುಚ್ಚಿಕೊಳ್ಳಲು ಹೇಳುತ್ತಿದ್ದಾಗ, ಅದೇ ವರ್ಷ ಬ್ರಿಟನ್ನಿನಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾ ಮೂಲದ ಕುಟುಂಬಗಳಿಗಾಗಿ ರಿಕೆಟ್ಸ್ ತಡೆಯುವ ಆಂದೋಲನ ಶುರುವಾಯಿತು, ಏಕೆಂದರೆ ಅಲ್ಲಿ ನಮ್ಮವರ ಮಕ್ಕಳ ಕಾಲು ಬಾಗುತ್ತಿತ್ತು. ಮೆಲ್ಬೋರ್ನಿನಲ್ಲೂ ಆ ಸಮಸ್ಯೆ ಬಾರದೆ ಹೋಗಲಿಲ್ಲ. ಕಪ್ಪು ಚರ್ಮದ ವಲಸಿಗ ತಾಯಂದಿರಲ್ಲಿ ಡಿ ವಿಟಮಿನ್ ಕೊರತೆ, ಅವರ ಕೂಸುಗಳಲ್ಲಿ ರಿಕೆಟ್ಸ್ ಇರುವುದನ್ನು ಇಲ್ಲಿನ ವೈದ್ಯರು 2001ರಲ್ಲಿ ಆಸ್ಟ್ರೇಲಿಯದ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು.

ಊರಿನ ಲೆಕ್ಕ ಇಲ್ಲಿ ತಪ್ಪುವುದು ಹೀಗೆ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ, ಮೆಲ್ಬೋರ್ನ್ ಸುಮಾರು 38 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ಡಿಸೆಂಬರಿನಲ್ಲೂ ಸೂರ್ಯ ಸಾಕಷ್ಟು ಮೇಲೇರುತ್ತಾನೆ. ಇಲ್ಲಿ ಜೂನ್ ಜುಲೈನಲ್ಲಿ ಮಧ್ಯಾಹ್ನವೂ ಮರಗಳ ತುದಿಗೆ ನೇತುಬಿದ್ದಂತಿರುತ್ತಾನೆ. ಅತಿನೇರಳೆ ಕಿರಣವನ್ನು ಅಳೆಯುವ ಯುವಿ ಸೂಚ್ಯಂಕ (ಕೆನಡಾದವರು 1992ರಲ್ಲಿ ಶುರುಮಾಡಿದ್ದು) ಇಲ್ಲಿ ಬೇಸಿಗೆಯ ನಡುಹಗಲಲ್ಲಿ 11ನ್ನೂ ದಾಟುತ್ತದೆ, ಚಳಿಗಾಲದಲ್ಲಿ 3ಕ್ಕೆ ಏರುವುದೇ ಇಲ್ಲ. ಆದ್ದರಿಂದ ಚಳಿಗಾಲದ ಎಳೆಬಿಸಿಲಿಗೆ ಮಗುವನ್ನು ಕೂರಿಸಿದರೆ ಹಿತವೇನೋ ಸಿಗುತ್ತದೆ, ಡಿ ವಿಟಮಿನ್ ಸಿಗುವುದಿಲ್ಲ. ಆ ತಿಂಗಳುಗಳಲ್ಲಿ ಹೊರಗೆ ಬಿಡಬೇಕಾದದ್ದು ನಡುಹಗಲಿಗೆ, ಟೋಪಿಯಿಲ್ಲದೆ. ಬೇಸಿಗೆಯಲ್ಲಿ ತದ್ವಿರುದ್ಧ. ಇನ್ನೊಂದು ಮಾತು: ನಾವು ಬಿಸಿಲನ್ನು ಅಳೆಯುವುದು ಸೆಕೆಯಿಂದ. ಇಲ್ಲಿ ತಣ್ಣನೆ ಗಾಳಿ ಬೀಸುವ 20 ಡಿಗ್ರಿಯ ಜನವರಿ ದಿನದಲ್ಲೂ ಯುವಿ 10 ಇರಬಹುದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸುಮಾರು ಒಂದೂವರೆಗೆ. ನಮ್ಮ ಸಂಘದ ಪಿಕ್ನಿಕ್ಕುಗಳಲ್ಲಿ ಆಟ ಶುರುವಾಗುವುದು ಸರಿಯಾಗಿ ಆ ಹೊತ್ತಿಗೆ.

ಸೂಕ್ಷ್ಮ ಚರ್ಮದ ಮಕ್ಕಳ ಪಾಡು ಬೇರೆ. ಇಸುಬು ಇರುವ ಮಗುವಿಗೆ ಕ್ರೀಮು ಉರಿಯುತ್ತದೆ, ಬೆವರಿದರೆ ನವೆ ಏಳುತ್ತದೆ. ನಮ್ಮೊಬ್ಬರ ಮಗನಿಗೆ ಕ್ರೀಮು ಹಚ್ಚುವ ಪ್ರತಿ ಬೆಳಗೂ ಮನೆಯಲ್ಲಿ ರಂಪ ನಡೆಯುತ್ತಿತ್ತು. ಹೊಸ ಕ್ರೀಮನ್ನು ಮೊದಲು ಒಳತೋಳಿನ ಮೇಲೆ ಸ್ವಲ್ಪ ಹಚ್ಚಿ ನೋಡಬೇಕು. ಅದಕ್ಕಿಂತ ಬಟ್ಟೆಯೇ ಮೇಲು: ಬಿಸಿಲು ತಡೆಯುವ ಬಟ್ಟೆಗೆ ಆಸ್ಟ್ರೇಲಿಯ, ನ್ಯೂಜಿಲೆಂಡುಗಳು 1996ರಲ್ಲೇ ಒಂದು ಮಾನದಂಡ ಗೊತ್ತುಮಾಡಿದವು. ಒತ್ತಾದ ನೇಯ್ಗೆಯ ಸಡಿಲ ತುಂಬುತೋಳಿನ ಅಂಗಿ ಸಾಕು. ನೀರಿನಲ್ಲಿ ನೆನೆದ ತೆಳು ಬಿಳಿ ಬನಿಯನ್ನಿನಿಂದ ಹೆಚ್ಚು ಉಪಯೋಗವಿಲ್ಲ.

ಇನ್ನು ಸೈಕಲ್. 1817ರಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಕಾರ್ಲ್ ಫಾನ್ ಡ್ರೈಸ್ ಓಡಿಸಿದ ಮೊದಲ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ. ಕುಳಿತು ನೆಲವನ್ನು ಕಾಲಿನಿಂದ ಒದ್ದುಕೊಂಡು ಹೋಗಬೇಕಿತ್ತು. ಇವತ್ತು ಮೂರು ವರ್ಷದ ಮಕ್ಕಳಿಗೆ ಕೊಡುವ ಪೆಡಲಿಲ್ಲದ ಸೈಕಲ್ ಅದೇ. ಮೊದಲು ಸಮತೋಲ, ಆಮೇಲೆ ಪೆಡಲ್. ಹಿಂದೆ ಎರಡು ಪುಟ್ಟ ಗಾಲಿ ಕಟ್ಟಿ ಕಲಿಸುವುದಕ್ಕಿಂತ ಇದು ಬೇಗ ಹತ್ತುತ್ತದೆಂದು ನಮ್ಮ ಅನುಭವ. ಗಾಳಿ ತುಂಬಿದ ಟಯರು ಬಂದದ್ದೂ ಮಗುವಿನ ದೆಸೆಯಿಂದ: ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲೆಂದು ಮಾಡಿದ ಉಪಾಯಕ್ಕೆ 1888ರಲ್ಲಿ ಪೇಟೆಂಟ್ ಪಡೆದ.

ನಾವು ಕಲಿತದ್ದು ಬಾಡಿಗೆ ಸೈಕಲ್ಲಿನಲ್ಲಿ. ಗಂಟೆಗೆ ಐವತ್ತು ಪೈಸೆ, ದೊಡ್ಡವರ ಸೈಕಲ್, ಸೀಟು ಎದೆಯ ಮಟ್ಟಕ್ಕೆ. ಬಾರಿನ ಕೆಳಗಿಂದ ಕಾಲು ತೂರಿಸಿ ಅರ್ಧ ಪೆಡಲ್ ತುಳಿಯುತ್ತ, ಏಪ್ರಿಲ್ಲಿನ ರಣಬಿಸಿಲಿನಲ್ಲಿ, ಬರಿಗಾಲಲ್ಲಿ. ಮೊಣಕಾಲು ಕೆತ್ತಿದರೆ ಮಣ್ಣು ಮೆತ್ತಿಕೊಂಡು ಮತ್ತೆ ಹತ್ತುವುದು. ಹೆಲ್ಮೆಟ್ ಎಂದರೆ ಏನೆಂದೇ ತಿಳಿಯದು. ಇದನ್ನು ಹೇಳಿಕೊಳ್ಳುವಾಗ ನಮಗೆ ಎದೆ ಉಬ್ಬುತ್ತದೆ, ಆದರೆ ಆ ಗುಂಪಿನಲ್ಲಿ ನಮ್ಮ ಅಕ್ಕತಂಗಿಯರು ಎಷ್ಟು ಮಂದಿ ಇದ್ದರು? ನಮ್ಮ ಬೀದಿಯಲ್ಲಂತೂ ಒಬ್ಬರೂ ಇರಲಿಲ್ಲ. ಕರ್ನಾಟಕ ಸರಕಾರ ಸರಕಾರಿ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಆಮೇಲೆ ಊರಿಗೆ ಹೋದಾಗ, ಎರಡು ಜಡೆ ಹಾಕಿಕೊಂಡ ಹುಡುಗಿಯರು ಸಾಲಾಗಿ ಬಿಸಿಲಲ್ಲಿ ಪಕ್ಕದ ಊರಿನ ಹೈಸ್ಕೂಲಿಗೆ ಸೈಕಲ್ ತುಳಿಯುವುದನ್ನು ಕಂಡಿದ್ದೇವೆ.

ಹೆಲ್ಮೆಟ್ಟಿನ ಕತೆಯಲ್ಲೂ ವಿಕ್ಟೋರಿಯವೇ ಮುಂದೆ. ಶಸ್ತ್ರವೈದ್ಯರ ಕಾಲೇಜಿನವರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1990ರ ಜುಲೈ 1ರಿಂದ ಇಲ್ಲಿ ಸೈಕಲ್ ಸವಾರರೆಲ್ಲರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಪ್ರಪಂಚದಲ್ಲಿ ಇದೇ ಮೊದಲು. ಆ ವರ್ಷದ ಮಾರ್ಚಿನಲ್ಲಿ ಶೇಕಡ 31 ಮಂದಿ ಧರಿಸುತ್ತಿದ್ದರೆ ಮರುವರ್ಷ ಮಾರ್ಚಿಗೆ ಶೇಕಡ 75. ತಲೆಯ ಗಾಯಗಳು ಇಳಿದವು. ಹದಿಹರೆಯದವರು ಸೈಕಲ್ ಬಿಡುವುದೂ ಹೆಚ್ಚಾಯಿತು, ಹಾಗಾಗಿ ಲಾಭವೆಷ್ಟು ನಷ್ಟವೆಷ್ಟು ಎಂಬ ಜಗಳ ಇಂದಿಗೂ ನಿಂತಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಟೋಪಿಯ ವಿಷಯದಲ್ಲಿ ಚರ್ಮದ ಬಣ್ಣ ನೋಡಿ ರಿಯಾಯಿತಿ ಇರಬಹುದು, ತಲೆಬುರುಡೆಗೆ ಬಣ್ಣವಿಲ್ಲ. ಜಡೆಯನ್ನು ಕೆಳಗಿಳಿಸಿ ಹೆಣೆದು ಹೆಲ್ಮೆಟ್ ಹಾಕಬೇಕು. ಇಲ್ಲಿ 13 ವರ್ಷದೊಳಗಿನ ಮಕ್ಕಳು ಕಾಲುದಾರಿಯ ಮೇಲೆ ಸೈಕಲ್ ಓಡಿಸಬಹುದು, ಅವರ ಜೊತೆ ದೊಡ್ಡವರೊಬ್ಬರೂ ಓಡಿಸಬಹುದು ಎಂಬುದು ಅನೇಕರಿಗೆ ತಿಳಿದಿಲ್ಲ.

ಬಿಸಿಲಿನ ಮಾತಿಗೆ ಅಧಿಕೃತ ಉತ್ತರ ಬರಲು ಕಡಲಹಕ್ಕಿಯ ಹಾಡಿನಿಂದ 43 ವರ್ಷ ಬೇಕಾಯಿತು. 2024ರಲ್ಲಿ ಆಸ್ಟ್ರೇಲಿಯದ ತಜ್ಞರು ಮತ್ತು ಆರೋಗ್ಯ ಸಂಸ್ಥೆಗಳು ಸೇರಿ ಪ್ರಕಟಿಸಿದ ಹೇಳಿಕೆಯಲ್ಲಿ ಎಲ್ಲರಿಗೂ ಒಂದೇ ಸಲಹೆ ಎಂಬುದನ್ನು ಬಿಟ್ಟು, ಚರ್ಮದ ಬಣ್ಣ ಮತ್ತು ಅಪಾಯ ನೋಡಿ ಮೂರು ಗುಂಪು ಮಾಡಿದರು. ಗಾಢ ಕಂದು ಮತ್ತು ಕಪ್ಪು ಚರ್ಮದವರಿಗೆ ದಿನನಿತ್ಯ ಕ್ರೀಮು ಬೇಕಿಲ್ಲ, ದೀರ್ಘಕಾಲ ಹೊರಗಿರುವಾಗ ಮಾತ್ರ ರಕ್ಷಣೆ ಬೇಕು, ಡಿ ವಿಟಮಿನ್ ಕಡೆಗೆ ಗಮನವಿರಲಿ ಎಂಬುದು ಅದರ ಸಾರ. ಅಜ್ಜಿಯ ಮಾತಿನಲ್ಲಿ ಅರ್ಧ ಸರಿಯಿತ್ತು ಎಂದಾಯಿತು. ಶಾಲೆಯಲ್ಲಿ ಮಾತ್ರ ಟೋಪಿ ಎಲ್ಲರಿಗೂ ಒಂದೇ; ಅದಕ್ಕೆ ನಮ್ಮ ತಕರಾರಿಲ್ಲ, ಬಣ್ಣ ನೋಡಿ ಟೋಪಿ ಹಂಚುವ ಶಾಲೆ ನಮಗೆ ಬೇಡ.

ಬರುವ ಸಂಕ್ರಾಂತಿಯ ಪಿಕ್ನಿಕ್ ಅದೇ ಪಾರ್ಕಿನಲ್ಲಿ, ಬೆಳಿಗ್ಗೆ 8 ಗಂಟೆಗೇ ಶುರುವಾಗುತ್ತದೆ. ಮೊದಲು ಸೈಕಲ್, ಆಮೇಲೆ ಉಪ್ಪಿಟ್ಟು. ಮಕ್ಕಳು ಬೆಳೆದು ಚಿಕ್ಕದಾದ ಸೈಕಲ್ಲುಗಳಿದ್ದವರು ಪೆಡಲ್ ಬಿಚ್ಚಿ ತರಬೇಕು. ಬಿಚ್ಚಲು ಬಾರದವರು ಹಾಗೇ ತನ್ನಿ, ನಮ್ಮಲ್ಲಿ ಪಾನ ಇದೆ. ಹೆಲ್ಮೆಟ್ ಇಲ್ಲದ ಮಕ್ಕಳಿಗೆ ಸಂಘದಿಂದ ನಾಲ್ಕು ಹೆಲ್ಮೆಟ್ ಕೊಂಡಿದ್ದೇವೆ, ಅವುಗಳ ಸುತ್ತ ಸಿಕ್ಕಿಸುವ ಬಟ್ಟೆಯ ಅಂಚುಗಳ ಸಮೇತ. ಕಲಿಯುವ ಮಕ್ಕಳ ಪಟ್ಟಿಯಲ್ಲಿ ಈ ತನಕ ಒಂಬತ್ತು ಹೆಸರು ಬಂದಿವೆ, ಆರು ಹುಡುಗಿಯರು, ಮೂರು ಹುಡುಗರು. ಕಳೆದ ವರ್ಷ ಕಡಲೆಕಾಯಿ ಸುಲಿದವಳ ಹೆಸರೂ ಅದರಲ್ಲಿದೆ. ಅವಳ ಅಜ್ಜಿ ಈ ಬಾರಿಯೂ ಬರುತ್ತಿದ್ದಾರೆ. ಮಾತಾಡುವ ಕೆಲಸವನ್ನು ಅವಳ ಅಪ್ಪ ನಮಗೇ ಬಿಟ್ಟಿದ್ದಾರೆ.